ಹಗಲು ಮಲಗಲು ಕಣ್ಣುಪಟ್ಟಿಯೋ, ನಿದ್ದೆ ಮಾತ್ರೆಯೋ?

ನೈಟ್ ಡ್ಯೂಟಿ ಮುಗಿಸಿ ಹಗಲು ಮಲಗುವವರು ಮಾತ್ರೆಗೆ ಕೈ ಹಾಕುವ ಮೊದಲು ಬೆಳಕನ್ನು ತಡೆಯಬೇಕು. ನಾನು ಹಾಗೆ ಮಾಡಿದೆ, ಅದು ನನಗೆ ಸರಿ ಬಂದಿದೆ.

ನಾನು ನರ್ಸ್. ಕೆಲಸ ಮಂಗಳೂರಿನಲ್ಲಿ, ಮನೆ ಮಂಜೇಶ್ವರದಿಂದ ಸ್ವಲ್ಪ ಒಳಗೆ. ಹೀಗೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಡ್ಯೂಟಿಗೆ ಹೋಗುವವರು ನಮ್ಮ ಕಡೆ ತುಂಬಾ ಜನ. ರಾತ್ರಿ ಪಾಳಿ ಮುಗಿಸಿ ಬಸ್ಸು ಹಿಡಿದು ಮನೆ ಮುಟ್ಟುವಷ್ಟರಲ್ಲಿ ಬಿಸಿಲು ಏರಿರುತ್ತದೆ. ನಮ್ಮದು ಹಳೆಯ ಹಂಚಿನ ಮನೆ. ಕಿಟಕಿಗೆ ದಪ್ಪ ಪರದೆ ಹಾಕಬಹುದು, ಆದರೆ ಮಾಡಿನಲ್ಲಿ ಕನ್ನಡಿ ಹಂಚು ಇದೆಯಲ್ಲ, ಅದಕ್ಕೇನು ಮಾಡುವುದು? ಬೆಳಗ್ಗೆ ಗೋಡೆಯ ಮೇಲಿದ್ದ ಬಿಸಿಲಿನ ಚೌಕ ಮಧ್ಯಾಹ್ನದ ಹೊತ್ತಿಗೆ ಸರಿದು ಸರಿದು ಮುಖದ ಮೇಲೇ ಬರುತ್ತದೆ.

ಕಣ್ಣಿನ ಒಳಪರದೆಯಲ್ಲಿ ಈಗ ಹಗಲೋ ರಾತ್ರಿಯೋ ಎಂದು ಅಳೆಯುವ ಕೋಶಗಳಿವೆ. ಅವು ಕೊಡುವ ಸುದ್ದಿ ಮಿದುಳಿನ ಗಡಿಯಾರಕ್ಕೆ ಹೋಗುತ್ತದೆ. ರಾತ್ರಿ ಮಿದುಳಿನಲ್ಲಿರುವ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನು ಬಿಡುತ್ತದೆ, ಬೆಳಕು ಬಿದ್ದರೆ ನಿಲ್ಲಿಸುತ್ತದೆ. ರೆಪ್ಪೆ ಮುಚ್ಚಿದರೂ ಬೆಳಕು ಪೂರ್ತಿ ನಿಲ್ಲುವುದಿಲ್ಲ. ಕಣ್ಣುಪಟ್ಟಿ ಕಟ್ಟಿದ ಕೂಡಲೇ ಮಟಮಟ ಮಧ್ಯಾಹ್ನ ಮೆಲಟೋನಿನ್ ಉಕ್ಕಿ ಬರುತ್ತದೆ ಅಂತ ನಾನು ಹೇಳುವುದಿಲ್ಲ, ಆ ಗಡಿಯಾರ ಅಷ್ಟು ಬೇಗ ತಿರುಗುವುದಿಲ್ಲ. ಆದರೆ ಹಗಲಾಯಿತು, ಏಳು ಅನ್ನುವ ಸುದ್ದಿ ನಿಲ್ಲುತ್ತದೆ. ರಾತ್ರಿ ಇಡೀ ನಿಂತ ಕಾಲಿಗೆ ಅಷ್ಟು ಸಾಕು.

ಮಾತ್ರೆಯ ವಿಷಯ ನಾನು ದೂರದಿಂದ ಹೇಳುತ್ತಿಲ್ಲ. ನಮ್ಮಲ್ಲಿ ಸುಮಾರು ಜನ ಅಲರ್ಜಿ ಮಾತ್ರೆ ನುಂಗಿ ಮಲಗುತ್ತಾರೆ. ಶೀತದ ಮಾತ್ರೆ ತಾನೇ, ಏನಾಗುತ್ತದೆ ಅಂತ. ಹಳೆಯ ಬಗೆಯ ಅಲರ್ಜಿ ಮಾತ್ರೆಗಳು ನಿದ್ದೆ ತರಿಸುವುದು ನಿಜ. ಆದರೆ ಕೆಲವೇ ದಿನಗಳಲ್ಲಿ ದೇಹಕ್ಕೆ ಅದು ರೂಢಿಯಾಗುತ್ತದೆ, ನಿದ್ದೆ ಮೊದಲಿನಂತೆ ಬರುವುದಿಲ್ಲ. ಬಾಯಿ ಒಣಗುವುದು, ಎದ್ದ ಮೇಲೂ ತಲೆ ಮಂಕಾಗಿರುವುದು ಮಾತ್ರ ಉಳಿಯುತ್ತದೆ. ಸಂಜೆ ಪುನಃ ಡ್ಯೂಟಿಗೆ ಹೋಗಿ ಇಂಜೆಕ್ಷನ್ ಲೋಡ್ ಮಾಡಬೇಕಾದವರಿಗೆ ಆ ಮಂಕು ಇದ್ದರೆ ಆಗುವುದಿಲ್ಲ. ವಯಸ್ಸಾದವರಿಗಂತೂ ಇದು ಬೇಡವೇ ಬೇಡ. ಎದ್ದಾಗ ತಲೆ ತಿರುಗಿ ಬೀಳುತ್ತಾರೆ, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಮೂತ್ರ ಕಟ್ಟಿಕೊಳ್ಳುತ್ತದೆ. ವಾರ್ಡಿನಲ್ಲಿ ಇದನ್ನೆಲ್ಲ ನೋಡಿದ್ದೇನೆ. ಆತಂಕಕ್ಕೆ ಕೊಡುವ ಅಲ್ಪ್ರಜೋಲಾಮ್ ತರಹದ್ದು ಇನ್ನೂ ಬೇರೆ ವಿಷಯ. ಅದು ಚಟ ಹಿಡಿಸುತ್ತದೆ, ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗೂ ಇಲ್ಲ. ಯಾರದ್ದೋ ಚೀಟಿಯದ್ದನ್ನು ಹಂಚಿಕೊಂಡು ತಿನ್ನಬೇಡಿ, ದಯವಿಟ್ಟು.

ಆ ಮೆಲಟೋನಿನ್ ಮಾತ್ರೆಯಾಗಿಯೂ ಸಿಗುತ್ತದೆ, ಅದು ಇವುಗಳಷ್ಟು ಭಯದ್ದಲ್ಲ. ಆದರೆ ಜಾಸ್ತಿ ನಿರೀಕ್ಷೆಯೂ ಬೇಡ. 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ ಸಿಕ್ಕಿದ್ದು ನಿದ್ದೆ ಸುಮಾರು 7 ನಿಮಿಷ ಬೇಗ ಬರುತ್ತದೆ ಅಂತ. ರಾತ್ರಿ ಪಾಳಿಯವರ ಹಗಲು ನಿದ್ದೆಯ ಬಗ್ಗೆ ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ವಿಮರ್ಶೆಯಲ್ಲಿ 24 ನಿಮಿಷದಷ್ಟು ಹೆಚ್ಚಬಹುದು ಎಂದಿತ್ತು, ಅದೂ ಗಟ್ಟಿಯಾದ ಪುರಾವೆ ಅಲ್ಲ ಅನ್ನುವ ಎಚ್ಚರಿಕೆಯ ಜೊತೆ. ಅದರ ಮೇಲೆ ಮೆಲಟೋನಿನ್ ಹಾಕಿದ, ಅಗಿದು ತಿನ್ನುವ ಆ ಬಣ್ಣಬಣ್ಣದ ಗಮ್ಮಿಗಳು. ಅಮೆರಿಕದಲ್ಲಿ ಮಾರುವ 25 ಬಗೆಯನ್ನು 2023ರಲ್ಲಿ ಪರೀಕ್ಷೆ ಮಾಡಿದಾಗ 22ರಲ್ಲಿ ಲೇಬಲಿನ ಅಳತೆಗೂ ಒಳಗಿದ್ದದ್ದಕ್ಕೂ ತಾಳೆಯಾಗಲಿಲ್ಲ, ಒಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ. ಡೋಸು ಅಳೆದು ಕೊಡುವ ಕೆಲಸ ಮಾಡುವವಳಿಗೆ ಅಷ್ಟು ಓದಿದ ಮೇಲೆ ಅದನ್ನು ಕೊಳ್ಳುವ ಮನಸ್ಸಾಗಲಿಲ್ಲ.

ಅತ್ತೆಯದ್ದು ಬೇರೆ ದಾರಿ. "ಹಾಲಿಗೆ ಜಾಯಿಕಾಯಿ ತೇದು ಹಾಕಿ ಕುಡಿ" ಅಂದರು. ತೋಟದಲ್ಲಿ ಅಡಿಕೆಯ ನಡುವೆ ಜಾಯಿಕಾಯಿ ಮರ ಇದೆ, ಕೊರತೆಯಿಲ್ಲ. ತೇದ ಒಂದು ಚಿಟಿಕೆ ಸರಿ, ಒಳ್ಳೆಯದು ಅಂತ ಚಮಚಗಟ್ಟಲೆ ಹಾಕಿದರೆ ಅದು ವಿಷವೇ. ಬಿಸಿ ಹಾಲು ಕುಡಿದೆ, ಜಾಯಿಕಾಯಿ ಬಿಟ್ಟೆ.

ಕೊನೆಗೆ ದಾರಿ ತೋರಿಸಿದ್ದು ನನ್ನ ಸೋದರಮಾವ. ಅವರು ಯಕ್ಷಗಾನ ಮೇಳದಲ್ಲಿ ಮದ್ದಳೆಗಾರರಾಗಿದ್ದವರು. ಮೇಳದ ತಿರುಗಾಟ ಮುಗಿಯುವ ಮೇ ಕೊನೆಯ ಪತ್ತನಾಜೆಯವರೆಗೆ ಬೆಳಗಿನ ತನಕದ ಆಟ, ಹಗಲು ಸಿಕ್ಕಿದಲ್ಲಿ ನಿದ್ದೆ. ಶಾಲೆಯ ಜಗಲಿಯೋ ಯಾರದೋ ಮನೆಯ ಚಾವಡಿಯೋ, ಅಡ್ಡಾಗಿ ಬೈರಾಸು (ಹೆಗಲ ಮೇಲಿನ ಟವೆಲ್) ಮಡಚಿ ಕಣ್ಣಿನ ಮೇಲೆ ಹಾಕಿಕೊಂಡರೆ ಆಯಿತು. "ಬೈರಾಸು ಜಾರಿ ಬೀಳ್ತದೆ ಮಗಾ, ನೀನು ಪಟ್ಟಿಯೇ ಕಟ್ಟು" ಅಂದರು. ಸರಿ ಅಲ್ವಾ?

ಪೇಟೆಯಲ್ಲಿ ಸಿಗುವ ಮಿರುಗುವ ಸ್ಯಾಟಿನ್ ಪಟ್ಟಿ ನಮ್ಮ ಸೆಕೆಗೆ ಆಗುವುದಿಲ್ಲ. ಮಾರ್ಚ್, ಏಪ್ರಿಲಿನಲ್ಲಿ ಬೆವರಿಗೆ ಕೆನ್ನೆಗೆ ಅಂಟಿಕೊಳ್ಳುತ್ತದೆ. ನಾನು ಮನೆಯಲ್ಲೇ ಹೊಲಿದೆ. ಮುಖದ ಕಡೆಗೆ ಹಳೆಯ ಹತ್ತಿ ಸೀರೆ, ಹೊರಗೆ ಕಪ್ಪು ಬಟ್ಟೆ, ನಡುವೆ ಇನ್ನೊಂದು ಪದರ. ಹೆಚ್ಚು ಬೆಳಕು ನುಗ್ಗುವುದು ಮೂಗಿನ ಎರಡು ಪಕ್ಕದಿಂದ. ಅಲ್ಲಿಗೆ ಕೆಳಗೆ ಇಳಿಬಿಟ್ಟ ಒಂದು ತುಂಡು ಸೇರಿಸಿ ಹೊಲಿಯಿರಿ, ಉಳಿದ ಅಂದಚಂದಕ್ಕಿಂತ ಇದೇ ಮುಖ್ಯ. ಕಟ್ಟಿಕೊಂಡು ಕನ್ನಡಿ ಹಂಚಿನ ಕಡೆ ಮುಖ ಮಾಡಿ ಕಣ್ಣು ತೆರೆಯಿರಿ, ಏನೂ ಕಾಣಬಾರದು. ಎಲಾಸ್ಟಿಕ್ ಬಿಗಿಯಾದರೆ ಎದ್ದಾಗ ಸ್ವಲ್ಪ ಹೊತ್ತು ದೃಷ್ಟಿ ಮಸುಕಾಗುತ್ತದೆ. ಅದಕ್ಕೆ ಅಗಲ ಪಟ್ಟಿ, ಹಿಂದೆ ವೆಲ್ಕ್ರೋ, ಗಂಟು ಬೇಡ. ಗ್ಲಾಕೋಮಾ ಇದ್ದವರು, ಕಣ್ಣಿನ ಆಪರೇಷನ್ ಆದವರು ಕಣ್ಣಿನ ಡಾಕ್ಟರನ್ನು ಕೇಳದೆ ಕಟ್ಟಬಾರದು. ಎರಡು ಹೊಲಿದಿಟ್ಟುಕೊಳ್ಳಿ, ಬೆವರಿದ್ದನ್ನು ದಿನಾ ಒಗೆಯಬೇಕು, ಮಳೆಗಾಲದಲ್ಲಿ ಒಂದು ಒಣಗುವಾಗ ಇನ್ನೊಂದು ಬೇಕಲ್ಲ.

ಶಬ್ದಕ್ಕೆ ಪಟ್ಟಿ ಏನೂ ಮಾಡುವುದಿಲ್ಲ. ಮೀನಿನ ಗಾಡಿಯ ಹಾರ್ನು, ಪಕ್ಕದ ತೋಟದ ಹುಲ್ಲು ಕೊಚ್ಚುವ ಮೆಷಿನ್, ಇದಕ್ಕೆಲ್ಲ ಕಿವಿಗೆ ಇಯರ್ ಪ್ಲಗ್ ಇಡುತ್ತೇನೆ. ಡ್ಯೂಟಿಯ ಕೊನೆಯ ನಾಲ್ಕೈದು ಗಂಟೆ ಚಾ ಕುಡಿಯುವುದಿಲ್ಲ. ಬರುವಾಗ ಬಸ್ಸಿನಲ್ಲಿ ಕಪ್ಪು ಕನ್ನಡಕ ಹಾಕುತ್ತೇನೆ, ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದಷ್ಟೂ ನಿದ್ದೆ ಹಾರುತ್ತದೆ. ಸ್ಕೂಟರಿನಲ್ಲಿ ಬರುವವರು ಹಾಕಬೇಡಿ, ತೂಕಡಿಕೆ ಇನ್ನೂ ಹೆಚ್ಚುತ್ತದೆ.

ಮಾತ್ರೆಗೆ ಜಾಗವೇ ಇಲ್ಲ ಅಂತಲ್ಲ. ರಾತ್ರಿ ಪಾಳಿಯಿಂದ ಹಗಲು ಪಾಳಿಗೆ ಹೊರಳುವಾಗ ಕೆಲವರಿಗೆ ಗಡಿಯಾರ ತಿರುಗಿಸಲು ಡಾಕ್ಟರು ಸಣ್ಣ ಡೋಸಿನ ಮೆಲಟೋನಿನ್ ಬರೆಯುತ್ತಾರೆ, ಅದು ಸರಿಯಾದ ಉಪಯೋಗ. ರಕ್ತ ತೆಳು ಮಾಡುವ ಮಾತ್ರೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಕೇಳದೆ ಮುಟ್ಟಬೇಡಿ. ಗಮ್ಮಿ ತಂದಿಟ್ಟಿದ್ದರೆ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಅವರಿಗೆ ಅದು ಮಿಠಾಯಿಯೇ. ಇನ್ನು ಜೋರು ಗೊರಕೆ, ನಡುವೆ ಉಸಿರು ನಿಂತ ಹಾಗಾಗುವುದು, ಎಷ್ಟು ಮಲಗಿದರೂ ಆಯಾಸ ಇದೆ ಅಂತಾದರೆ ಪಟ್ಟಿಯೂ ಬೇಡ, ಮಾತ್ರೆಯೂ ಬೇಡ, ಮೊದಲು ಡಾಕ್ಟರಿಗೆ ತೋರಿಸಿ. ಅಂಥವರಿಗೆ ಕೆಲವು ನಿದ್ದೆ ಮಾತ್ರೆಗಳು ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತವೆ.