ಬಡ್ತಿ ತಾರತಮ್ಯದ ಪ್ರಕರಣದಲ್ಲಿ ‘ಗೌಪ್ಯ ಕಡತ’ ತರಿಸುವುದು: ನನ್ನ ಅನುಭವ

ಶಿರಸಿ, ಸಿದ್ದಾಪುರ, ಕಾರವಾರದ ಕಡೆಯ ಹೆಣ್ಣುಮಕ್ಕಳ ಬಡ್ತಿ–ಸಂಬಳದ ಪ್ರಕರಣಗಳಲ್ಲಿ ಎದುರಿನವರ ಮೊದಲ ತಕರಾರು ಒಂದೇ: ‘ಆ ಕಡತ ಗೌಪ್ಯ.’ ಹೆಂಗಸು ಎಂಬ ಕಾರಣಕ್ಕೆ ಬಡ್ತಿ ಕೊಡಲಿಲ್ಲವೆಂದು ಆದೇಶದಲ್ಲಿ ಯಾರೂ ಬರೆಯುವುದಿಲ್ಲ. ಸಾಕ್ಷ್ಯ ಇದ್ದರೆ ಆ ಕಡತದಲ್ಲೇ. ಹಾಗಾಗಿ ದಾಖಲೆ ಕೇಳುವ ಅರ್ಜಿಗೆ ಮೂಲ ದಾವೆಯಷ್ಟೇ ಶ್ರಮ ಹಾಕುತ್ತೇನೆ.

ಮೊದಲು ಆಕೆಯದೇ ದಾಖಲೆ. ಸರ್ಕಾರಿ ನೌಕರರ ಕಾರ್ಯನಿರ್ವಹಣಾ ವರದಿಯ ಪ್ರತಿ ಷರಾವನ್ನೂ ಅವರಿಗೆ ತಿಳಿಸಬೇಕೆಂದು ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಸಹೋದ್ಯೋಗಿಗಳ ವರದಿ ಈ ದಾರಿಯಲ್ಲಿ ಸಿಗುವುದು ಕಷ್ಟ, ಬೇರೆಯವರ ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಕಲಂ 8(1)(ಜೆ) ಅಡ್ಡ ಬರುತ್ತದೆ. ನಮ್ಮ ಕಡೆಯ ಅಡಿಕೆ ಸಹಕಾರ ಸಂಘಗಳ ಮೇಲೆ ನೇರ ಅರ್ಜಿ ಸಾಮಾನ್ಯವಾಗಿ ನಿಲ್ಲದು. ಸುಪ್ರೀಂ ಕೋರ್ಟಿನ 2013ರ ಥಲಪ್ಪಲಂ ತೀರ್ಪಿನಂತೆ, ಸಹಕಾರ ಸಂಘಗಳ ನಿಬಂಧಕರು ಕಾನೂನಿನಡಿ ತರಿಸಿಕೊಳ್ಳಬಹುದಾದ ದಾಖಲೆಯನ್ನಷ್ಟೇ ಅವರ ಕಚೇರಿಯಿಂದ ಕೇಳಬಹುದು.

ಉಳಿದದ್ದು ವಿಚಾರಣೆಯಲ್ಲೇ ಆಗಬೇಕು. ಸಿವಿಲ್ ನ್ಯಾಯಾಲಯವಾದರೆ, ದಾಖಲೆ ಹಾಜರುಪಡಿಸಲು ಹೇಳುವ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 11, ನಿಯಮ 14. ‘ಎಲ್ಲ ನೌಕರರ ಕಡತ’ ಎಂದು ಕೇಳಿದರೆ ಅರ್ಜಿ ಬಿದ್ದಂತೆಯೇ. ಆ ಒಂದು ಬಡ್ತಿಯ ಜ್ಯೇಷ್ಠತಾ ಪಟ್ಟಿ, ಆಯ್ಕೆ ಸಮಿತಿಯ ನಡಾವಳಿ, ಅಂಕಪಟ್ಟಿ, ಟಿಪ್ಪಣಿ ಹಾಳೆ (ಅಧಿಕಾರಿಗಳು ಕಡತದಲ್ಲೇ ಅಭಿಪ್ರಾಯ ಬರೆಯುವ ಹಾಳೆ) ಇಷ್ಟನ್ನು ಕೇಳಿ, ಯಾವುದು ಯಾವ ವಿವಾದಾಂಶಕ್ಕೆ ಬೇಕೆಂದು ಒಂದೊಂದು ಸಾಲು ಬರೆಯುತ್ತೇನೆ.

ಇವುಗಳಲ್ಲಿ ನನಗೆ ಹೆಚ್ಚು ಬೇಕಾದದ್ದು ಟಿಪ್ಪಣಿ ಹಾಳೆ. ಅಂಕಪಟ್ಟಿ ಕೊನೆಗೆ ತಯಾರಾಗುತ್ತದೆ, ಮನಸ್ಸಿನಲ್ಲಿದ್ದದ್ದು ಟಿಪ್ಪಣಿಯಲ್ಲಿ ಮೊದಲೇ ಬಿದ್ದಿರುತ್ತದೆ: ‘ಹೊರಗಿನ ಓಡಾಟಕ್ಕೆ ಅನುಕೂಲವಿಲ್ಲ’, ‘ದೀರ್ಘ ರಜೆ’. ಆ ರಜೆ ಹೆರಿಗೆ ರಜೆಯೇ, ಗಂಡಸರ ದೀರ್ಘ ರಜೆಗೂ ಅಂಕ ಕಳೆದಿದ್ದಾರೆಯೇ ಎಂಬುದನ್ನು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಬೇಕು. ಪುಟಸಂಖ್ಯೆ ಸಮೇತ ಕೇಳಿ. ನಡುವೆ ಹಾಳೆ ತಪ್ಪಿದ್ದರೆ ಆಗಲೇ ಗೊತ್ತಾಗುತ್ತದೆ.

ಗೌಪ್ಯತೆಯ ತಕರಾರಿಗೆ ಉತ್ತರವನ್ನು ಅರ್ಜಿಯಲ್ಲೇ ಕೊಡುತ್ತೇನೆ: ಹೆಸರಿನ ಬದಲು ‘ನೌಕರ 1, 2’, ವಿಳಾಸ, ಆರೋಗ್ಯ, ಬ್ಯಾಂಕ್ ವಿವರ ಮುಚ್ಚಲಿ, ಮುಚ್ಚಿದ ಲಕೋಟೆಯಲ್ಲಿ ಮೊದಲು ನ್ಯಾಯಾಧೀಶರೇ ನೋಡಲಿ. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1979ರ ನಾಸೆ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ: ಗೌಪ್ಯವೆಂಬುದೊಂದೇ ನಿರಾಕರಣೆಗೆ ಸಾಲದು, ನ್ಯಾಯವಾದ ತೀರ್ಮಾನಕ್ಕೆ ದಾಖಲೆ ಅಗತ್ಯವೇ ಎಂದು ಕಡತ ನೋಡಿ ನಿರ್ಧರಿಸಬೇಕು. ನಮ್ಮ ನ್ಯಾಯಾಲಯಗಳಿಗೆ ಅದು ಕಟ್ಟುಪಾಡಲ್ಲ, ಆದರೆ ವಾದಕ್ಕೆ ಬಲ ಕೊಡುತ್ತದೆ. ಏನನ್ನು ಮುಚ್ಚಬಾರದು ಎಂಬುದನ್ನೂ ಬರೆಯಲೇಬೇಕು: ಲಿಂಗ, ನೇಮಕದ ದಿನಾಂಕ, ವೃಂದ (ಕೇಡರ್), ಅಂಕ. ಇವಕ್ಕೂ ಕಪ್ಪು ಬಳಿದರೆ ಹೋಲಿಕೆಗೆ ಏನೂ ಉಳಿಯುವುದಿಲ್ಲ.

ಕಾರವಾರದ ನೌಕಾನೆಲೆಯಂಥ ಕಡೆ ‘ದೇಶದ ಭದ್ರತೆ’ ಎಂಬ ತಕರಾರು ಬರಬಹುದು. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 129ರಂತೆ ಅಂಥ ಸರ್ಕಾರಿ ದಾಖಲೆಗೆ ಅನುಮತಿ ಕೊಡುವ, ನಿರಾಕರಿಸುವ ನಿರ್ಧಾರ ಇಲಾಖಾ ಮುಖ್ಯಸ್ಥರದು. ಅವರದೇ ಪ್ರಮಾಣಪತ್ರ (ಅಫಿಡವಿಟ್) ಬರಲಿ ಎಂದು ಒತ್ತಾಯಿಸುತ್ತೇನೆ. ಗುಮಾಸ್ತರ ಜ್ಯೇಷ್ಠತಾ ಪಟ್ಟಿಯಲ್ಲಿ ಭದ್ರತೆಯ ಗುಟ್ಟು ಏನಿದ್ದೀತು?

ಕಚೇರಿಯ ಕಡತದ ಫೋಟೊವನ್ನು ಮೊಬೈಲಿನಲ್ಲಿ ಗುಟ್ಟಾಗಿ ತೆಗೆಯಬೇಡಿ ಎಂದು ಪ್ರತಿಯೊಬ್ಬರಿಗೂ ಹೇಳುತ್ತೇನೆ, ಶಿಸ್ತು ಕ್ರಮಕ್ಕೆ ಅಷ್ಟು ಸಾಕು. ಅದರ ಬದಲು ಕಡತ, ಇಮೇಲ್ ಯಾವುದನ್ನೂ ಅಳಿಸಬಾರದೆಂದು ಮೊದಲೇ ನೋಟಿಸ್ ಕೊಡಿ. ಲೈಂಗಿಕ ಕಿರುಕುಳದ ದೂರಾದರೆ 2013ರ ಕಾಯ್ದೆಯ ಕಲಂ 11(3)ರಂತೆ ದೂರು ವಿಚಾರಿಸುವ ಸಮಿತಿಯೇ ದಾಖಲೆ ತರಿಸಬಹುದು. ಕಲಂ 16 ಇರುವುದರಿಂದ ಆ ಕಾಗದ ಹೊರಗೆ ಹಂಚುವಂತಿಲ್ಲ.

ಆದೇಶವಾದ ಮೇಲೆ ‘ಕಡತ ಸಿಗುತ್ತಿಲ್ಲ’ ಎಂದರೆ ಯಾರು, ಎಲ್ಲಿ ಹುಡುಕಿದರು, ನಾಶಪಡಿಸಿದ್ದರೆ ಯಾವ ನಿಯಮದಡಿ ಎಂದು ಪ್ರಮಾಣಪತ್ರ ಕೇಳಿ. ಆಗಲೂ ಕೊಡದಿದ್ದರೆ, ದಾಖಲೆ ಅವರಿಗೇ ವಿರುದ್ಧವಾಗಿತ್ತೆಂದು ಸಾಕ್ಷ್ಯ ಅಧಿನಿಯಮದ ಕಲಂ 119ರಡಿ ಊಹಿಸಬೇಕೆಂದು ವಾದಿಸಬಹುದು.