ಹೆಚ್ಚು ಅಂತ ಕಂಡ್ರ ಕೂಡಿಸೂದು, ಕಡಿಮೆ ಅಂತ ಕಂಡ್ರ ಕಳಿಯೂದು: ಈ ಚಾಳಿ ಬಿಡಿಸಿದ ನನ್ನ ಅನುಭವ

ನಾ ಮುಧೋಳ ಕಡೆ ಹೈಸ್ಕೂಲ್ ಹುಡುಗುರಿಗೆ ಗಣಿತ ಕಲಿಸ್ತೀನ್ರಿ. ಎಂಟನೇ ಇಯತ್ತೆಗೆ ಬರೂ ಹುಡುಗುರಿಗೆ ಕೂಡಿಸೂದು ಕಳಿಯೂದು ಚಲೋ ಬರತೈತಿ, ಮಗ್ಗಿನೂ ಬಾಯಿಪಾಠ ಇರತಾವ, ಆದ್ರ ಅದ ಲೆಕ್ಕಾನ ಎರಡ ಸಾಲ ಮಾತಿನಾಗ ಬರದು ಕೊಟ್ರ ಸಾಕು, 'ಹೆಚ್ಚು' ಕಂಡ್ರ ಕೂಡಿಸಿಬಿಡ್ತಾರ, 'ಕಡಿಮೆ' ಕಂಡ್ರ ಕಳದುಬಿಡ್ತಾರ, ನಡುವಿನ ಮಾತು ಓದೂದೇ ಇಲ್ಲ. ಸಣ್ಣ ಕ್ಲಾಸಿನಾಗ "ಈ ಶಬ್ದ ಬಂದ್ರ ಇದನ್ನ ಮಾಡು" ಅಂತ ಪಟ್ಟಿ ಬರಿಸಿರತಾರ, ಗೈಡಿನಾಗೂ ಹಂಗ ಇರತೈತಿ. ಆ ಪಟ್ಟಿ ನನಗ ಬಿಲ್ಕುಲ್ ಸೇರೂದಿಲ್ಲ.

ನಾ ಮೊದಲ ಕೊಡೂ ಲೆಕ್ಕ ಇದು: "ನಮ್ಮ ಹೊಲದಾಗ ಎಕರೆಗೆ 48 ಟನ್ ಕಬ್ಬು ಬಂತು. ಇದು ಕಾಕಾನ ಹೊಲಕ್ಕಿಂತ 12 ಟನ್ ಹೆಚ್ಚು. ಕಾಕಾಗ ಎಷ್ಟು ಬಂತು?" ಅರ್ಧಕ್ಕಿಂತ ಹೆಚ್ಚು ಹುಡುಗುರು 60 ಅಂತ ಬರೀತಾರ. ಹೋದ ವರ್ಷ ಒಬ್ಬಾಕಿ "ಟೀಚರ್, ಹೆಚ್ಚು ಅಂತ ಐತಲ್ರಿ, ಕೂಡಿಸಬೇಕಲ್ರಿ" ಅಂದ್ಲು. "ಅದು ಬಿಡವಾ, ಮೊದ್ಲ ಹೇಳು, ಕಬ್ಬು ಯಾರಿಗೆ ಜಾಸ್ತಿ ಬಂತು?" "ನಮಗರಿ." "ಮತ್ತ ನೀ ಕಾಕಾಗ 60 ಕೊಟ್ಟಿಯಲ್ಲ?" ಪೆನ್ನು ನಿಂತಿತು, ತಾನ ಹೊಡದ ಹಾಕಿ 36 ಬರದ್ಲು. ಲೆಕ್ಕ ಆಕಿಗೆ ಗೊತ್ತಿತ್ತು ನೋಡ್ರಿ, ಯಾರದು ಜಾಸ್ತಿ ಅಂತ ಕೇಳಿಕೊಳ್ಳೂ ರೂಢಿ ಇರಲಿಲ್ಲ ಅಷ್ಟ.

ಇದು ನಮ್ಮ ಹುಡುಗುರದ್ದ ಅಷ್ಟ ತೊಂದರೆ ಅಲ್ಲ. 1987ರಾಗ ಲೂಯಿಸ್ ಮತ್ತು ಮೇಯರ್ ಅನ್ನೋ ಇಬ್ಬರು ಅಮೆರಿಕಾದಾಗ ಕಾಲೇಜ್ ವಿದ್ಯಾರ್ಥಿಗಳ ಮ್ಯಾಲ ಇದನ್ನ ಪರೀಕ್ಷೆ ಮಾಡಿ ನೋಡ್ಯಾರ, ವಾಕ್ಯದಾಗ 'ಹೆಚ್ಚು' ಇದ್ದು ಮಾಡಬೇಕಾದ್ದು ಕಳಿಯೂ ಲೆಕ್ಕ ಇದ್ರ ಅಲ್ಲೂ ಉಲ್ಟಾ ಮಾಡೂ ತಪ್ಪು ಜಾಸ್ತಿ ಆಗಿದ್ವು. ಕಾಲೇಜಿನವರಿಗೇ ಹಿಂಗಾದ್ರ ಹದಿಮೂರು ವರ್ಷದ ಕೂಸುಗಳಿಗೆ ದಡ್ಡ ಅನ್ನೂದು ಯಾವ ನ್ಯಾಯ?

ನಾ ಮಾಡೂದು ಇಷ್ಟ. 'ಗಿಂತ' ಯಾರ ಹೆಸರಿಗೆ ಹತ್ತೈತಿ ಅಂತ ಹುಡುಕಿ ಅದಕ್ಕ ಪೆನ್ಸಿಲಿನಿಂದ ಗೋಲ ಹಾಕಿಸ್ತೀನಿ, ಅದ ಆಧಾರ, ಅದರ ಪಟ್ಟಿ, ಅಂದ್ರ ಎಷ್ಟು ಐತಿ ಅಂತ ತೋರಿಸೂ ಉದ್ದನ್ನ ಚಿತ್ರ, ಮೊದ್ಲ ಎಳೀಬೇಕು. ಕಬ್ಬಿನ ಲೆಕ್ಕದಾಗ ಗೋಲ ಕಾಕಾನ ಹೊಲಕ್ಕ, ಅವರ ಪಟ್ಟಿ ಎಷ್ಟು ಉದ್ದ ಗೊತ್ತಿಲ್ಲ, ಪ್ರಶ್ನಾರ್ಥಕ ಚಿಹ್ನೆ ಹಾಕು, ಅದರ ಕೆಳಗ ನಮ್ಮ ಪಟ್ಟಿ, ಅಷ್ಟ ಉದ್ದ ಮತ್ತ 12 ಹೆಚ್ಗಿ, ಒಟ್ಟು 48. ಪಟ್ಟಿ ಎಳದ ಮ್ಯಾಲ ಕೂಡಿಸಬೇಕೋ ಕಳೀಬೇಕೋ ಅಂತ ಯಾರೂ ಕೇಳೂದಿಲ್ಲ, ಕಣ್ಣಿಗೇ ಕಾಣತೈತಿ. ಉತ್ತರ ಬಂದ ಮ್ಯಾಲ ಅದನ್ನ ವಾಪಸ್ ಲೆಕ್ಕದ ಮಾತಿನಾಗ ಇಟ್ಟು ಜೋರಾಗಿ ಓದಿಸ್ತೀನಿ, ಇದನ್ನಂತೂ ಬಿಡೂದೇ ಇಲ್ಲ.

ಹತ್ತನೇದಕ್ಕ ಹೋದ್ರ ಇದ ಗೋಲ ಇನ್ನೂ ಉಪಯೋಗಕ್ಕ ಬರತೈತಿ. "ತಂದೆಯ ವಯಸ್ಸು ಮಗನ ವಯಸ್ಸಿನ 3 ಪಟ್ಟಿಗಿಂತ 5 ವರ್ಷ ಹೆಚ್ಚು" ಅಂದ್ರ ಬಾಳ ಮಂದಿ ಮಗನ ವಯಸ್ಸು x ಅಂತ ಹಿಡದು 3(x+5) ಬರೀತಾರ. ಇಲ್ಲಿ 'ಗಿಂತ' ಮಗನ ವಯಸ್ಸಿಗೆ ಹತ್ತಿಲ್ಲ, '3 ಪಟ್ಟು' ಅನ್ನೂದಕ್ಕ ಹತ್ತೈತಿ, ಅದಕ್ಕ ಮೊದ್ಲ 3x ಆಗಬೇಕು, ಆಮ್ಯಾಲ 5 ಸೇರಬೇಕು, 3x+5. ಮಗ 10 ವರ್ಷದಾಂವ ಅಂತ ಇಟ್ಕೊಂಡ್ರ ತಂದೆಗೆ 35, ಇನ್ನೊಂದು ಥರ ಮಾಡಿದ್ರ 45, ಸಂಖ್ಯೆ ಹಾಕಿ ತೋರಿಸಿದ್ರ ಫರಕ್ ಗೊತ್ತಾಗತೈತಿ. ಇನ್ನ "3 ಪಟ್ಟು ಹೆಚ್ಚು" ಅನ್ನೂದಂತೂ ನಾ ಪ್ರಶ್ನೆಪತ್ರಿಕೆಯಾಗ ಹಾಕೂದೇ ಇಲ್ಲ, ಒಬ್ಬರು ಮೂರರಷ್ಟು ಅಂತಾರ, ಇನ್ನೊಬ್ಬರು ಮೂಲದ ಮ್ಯಾಲ ಇನ್ನ ಮೂರರಷ್ಟು, ಅಂದ್ರ ನಾಕರಷ್ಟು ಅಂತಾರ, ಮಕ್ಕಳ ಮಾರ್ಕ್ಸ್ ಹಂತಾದ್ರಾಗ ಹೋಗಬಾರದು.

ಶೇಕಡಾ ಬಂದಾಗ ಮಹಾಲಿಂಗಪುರ ಪೇಟಿ ಬೆಲ್ಲದ ಲೆಕ್ಕ ಮಾಡತೀವಿ. ಕಿಲೋಕ್ಕ 40 ಇದ್ದದ್ದು 50 ಆದ್ರ 25 ಪರ್ಸೆಂಟ್ ಹೆಚ್ಚು, ಅದ 50 ವಾಪಸ್ 40ಕ್ಕ ಇಳದ್ರ 20 ಪರ್ಸೆಂಟ್ ಕಡಿಮೆ. ಹತ್ತು ರೂಪಾಯಿ ಅದ ಐತಿ, ಪರ್ಸೆಂಟ್ ಯಾಕ ಬ್ಯಾರೆ ಅಂತ ಕ್ಲಾಸ್ ಪೂರಾ ಗದ್ದಲ. ಗೋಲ ಎಲ್ಲಿ ಬಿತ್ತು ನೋಡ್ರಿ ಅಂತೀನಿ, ಮೊದಲನೇದ್ರಾಗ 40ಕ್ಕ, ಎರಡನೇದ್ರಾಗ 50ಕ್ಕ.

ಈಗ ಶನಿವಾರ ಶನಿವಾರ ಅವರ ಕಡೆಯಿಂದನ ಲೆಕ್ಕ ಬರಿಸ್ತೀನಿ. ಹಿಂದಿನ ಬೆಂಚಿನ ಹುಡುಗ ಒಬ್ಬಾಂವ ಬರದದ್ದು: "ನಮ್ಮ ಎಮ್ಮಿ ದಿನಕ್ಕ 9 ಲೀಟರ್ ಹಾಲು ಕೊಡತೈತಿ. ಇದು ಆಕಳ ಹಾಲಿನ ಅರ್ಧಕ್ಕಿಂತ 3 ಲೀಟರ್ ಹೆಚ್ಚು. ಆಕಳ ಎಷ್ಟು ಕೊಡತೈತಿ?" ಬೋರ್ಡ್ ಮ್ಯಾಲ ಹಾಕಿದೆ. ಒಬ್ಬಾಂವ 24 ಅಂದ, ಇನ್ನೊಬ್ಬಾಕಿ 15 ಅಂದ್ಲು, ಪಟ್ಟಿ ಎಳದು ಜಗಳಾಡಿ ಕಡೀಕ 12ಕ್ಕ ಬಂದ್ರು, ಆ ಹುಡುಗ ತಾನ ಚಾಕ್ ಹಿಡಕೊಂಡು "ಅರ್ಧಕ್ಕ ಗೋಲ ಹಾಕ್ರಿ, ಆಕಳಕ್ಕ ಅಲ್ಲ" ಅಂತ ಉಳದವರಿಗೆ ಹೇಳಿದ.