ಜನವರಿಗೆ ಹೀಟರ್, ಏಪ್ರಿಲ್‌ಗೆ ಫ್ಯಾನ್: ದಾವಣಗೆರೆಯ ನಮ್ಮ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ

ದಾವಣಗೆರೆಯಲ್ಲಿ ಸಮುದ್ರದ ಮೀನು ಸಾಕುವವರನ್ನು ಪರೀಕ್ಷಿಸುವ ಕಾಲ ವರ್ಷದಲ್ಲಿ ಎರಡು. ಜನವರಿಯಲ್ಲಿ ಬೆಳಗಿನ ಜಾವ ಹೊರಗೆ 15 ಡಿಗ್ರಿ ಆಸುಪಾಸು ಇರುತ್ತದೆ, ಅದೇ ದಿನ ಮಧ್ಯಾಹ್ನ 30ರ ಹತ್ತಿರ ಬರುತ್ತದೆ. ಏಪ್ರಿಲ್‌ನಲ್ಲಂತೂ ಹೊರಗೆ 38, 39. ಆರ್‌ಸಿಸಿ ಮನೆಯೊಳಗೆ ಸಂಜೆ ಏಳಕ್ಕೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಹವಳದ ದಿಬ್ಬದ ಮೀನಿಗೆ ಇಂಥ ಏರಿಳಿತದ ರೂಢಿಯೇ ಇಲ್ಲ. ಕಡಲಿನಷ್ಟು ನೀರು ಒಂದು ಹಗಲಿಗೆ ಕಾಯುವುದೂ ಇಲ್ಲ, ಒಂದು ರಾತ್ರಿಗೆ ಆರುವುದೂ ಇಲ್ಲ. ನನ್ನ ಟ್ಯಾಂಕಿನಲ್ಲಿರುವುದು 160 ಲೀಟರ್. ಹಾಗಾಗಿ ಯಾವ ಮೀನು ಅನ್ನುವುದಕ್ಕಿಂತ ಮೊದಲು ನಾನು ಕೂತು ಲೆಕ್ಕ ಹಾಕಿದ್ದು ತಾಪಮಾನದ್ದು. ಇದನ್ನು ಬರೆಯುತ್ತಿರುವುದೂ ಅದಕ್ಕೇ. ಕರಾವಳಿಯವರಿಗೋ ಬೆಂಗಳೂರಿನವರಿಗೋ ಹೇಳಿದ ಸಲಹೆ ನಮ್ಮ ಬಯಲುಸೀಮೆಗೆ ಅರ್ಧ ಮಾತ್ರ ಹೊಂದುತ್ತದೆ.

ಟ್ಯಾಂಕ್ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಳತೆಯ ಪ್ರಕಾರ 190 ಲೀಟರ್ ಹಿಡಿಯಬೇಕು. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು 160 ಲೀಟರ್. ಗಾಜು ಕೂಡಿಸುವವನಿಗೆ ಹೇಳಿ ಹಿಂದುಗಡೆ ನಾಲ್ಕು ಇಂಚಿನ ಖಾನೆ ಮಾಡಿಸಿದೆ. ಹೀಟರ್, ಪಂಪು, ಸೋಸುವ ಸ್ಪಂಜು ಎಲ್ಲ ಅಲ್ಲೇ. ಕಬ್ಬಿಣದ ಸ್ಟ್ಯಾಂಡ್ ಬೇಡ ಅಂದೆ, ಉಪ್ಪುನೀರಿನ ಹನಿ ಬಿದ್ದ ಕಡೆಯೆಲ್ಲ ತುಕ್ಕು ಏಳುತ್ತದೆ. ಇಟ್ಟಿಗೆಯ ಎರಡು ಗಿಡ್ಡ ಗೋಡೆ ಎಬ್ಬಿಸಿ ಮೇಲೆ ಕಡಪಾ ಚಪ್ಪಡಿ ಹಾಸಿದ್ದು. ಎಲ್ಲ ಸೇರಿ ಇನ್ನೂರೈವತ್ತು ಕೆಜಿ ದಾಟುವ ಭಾರ, ಆದ್ದರಿಂದ ನೆಲಮಹಡಿಯಲ್ಲೇ ಇಟ್ಟೆ. ಜಾಗ ಆರಿಸುವಾಗ ಪಡುವಣ ಗೋಡೆ ಮತ್ತು ಕಿಟಕಿ ಎರಡನ್ನೂ ಬಿಟ್ಟು ಮನೆಯ ನಡುಗೋಡೆಗೆ ಒತ್ತಿ ಇಟ್ಟೆ. ಆ ಗೋಡೆಗೆ ಬಿಸಿಲು ತಾಗುವುದಿಲ್ಲ. ಬೇಸಿಗೆಯಲ್ಲಿ ಇದರಿಂದಲೇ ಒಂದೆರಡು ಡಿಗ್ರಿ ಉಳಿಯುತ್ತದೆ.

ಈಗ ಹೀಟರ್ ವಿಷಯ. ಲೀಟರಿಗೆ ಒಂದು ವ್ಯಾಟ್ ಅನ್ನುವುದು ಎಲ್ಲರೂ ಹೇಳುವ ಅಂದಾಜು. ನಾನು 200 ವ್ಯಾಟ್ ತಗೊಂಡೆ, ಆದರೆ ಒಂದೇ ಹೀಟರ್ ಅಲ್ಲ, 100ರ ಎರಡು. ಹೀಟರ್ ಕೆಡುವ ಬಗೆ ಎರಡು: ಒಂದೋ ಕಾಯುವುದೇ ನಿಲ್ಲುತ್ತದೆ, ಇಲ್ಲವೋ ಒಳಗಿನ ಥರ್ಮೋಸ್ಟಾಟ್ ಅಂಟಿಕೊಂಡು ಆಫ್ ಆಗುವುದೇ ಇಲ್ಲ. ಎರಡನೆಯದು ಅಪಾಯ. 200 ವ್ಯಾಟಿನ ಒಂದೇ ಹೀಟರ್ ಅಂಟಿಕೊಂಡರೆ ರಾತ್ರಿ ಕಳೆಯುವುದರೊಳಗೆ ಮೀನು ಉಳಿಯುವ ಮಿತಿ ದಾಟಬಹುದು. 100 ವ್ಯಾಟಿನದು ಅಂಟಿಕೊಂಡರೆ ನೋಡಿ ಸರಿಮಾಡುವಷ್ಟು ಹೊತ್ತು ಸಿಗುತ್ತದೆ. ಒಂದು ಸತ್ತರೆ ಇನ್ನೊಂದು ಚಳಿಯ ರಾತ್ರಿಯನ್ನು ಹೇಗೋ ದಾಟಿಸುತ್ತದೆ.

160 ಲೀಟರ್ ಉಪ್ಪುನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 655 ಕಿಲೋಜೂಲ್ ಬೇಕು. ಅಂದರೆ 0.18 ಯೂನಿಟ್ ಕರೆಂಟು, 200 ವ್ಯಾಟಿಗೆ ಹತ್ತಿರ ಹತ್ತಿರ 55 ನಿಮಿಷ. ನೀರು 20ಕ್ಕೆ ಇಳಿದುಬಿಟ್ಟರೆ ಮತ್ತೆ 25.5ಕ್ಕೆ ತರಲು ಐದು ಗಂಟೆಗೂ ಮೇಲೆ, ಅದೂ ಕೋಣೆಗೆ ಸೋರುವ ಬಿಸಿ ಲೆಕ್ಕಕ್ಕಿಲ್ಲದೆ. ಇನ್ನೊಂದು ಸಂಗತಿ ವೋಲ್ಟೇಜ್. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಡಬ್ಬಿಯ ಮೇಲೆ 230 ವೋಲ್ಟಿಗೆ 100 ವ್ಯಾಟ್ ಎಂದಿದ್ದರೆ, ಲೈನಿನಲ್ಲಿ 180 ಬರುವಾಗ ಅದು ಕೊಡುವುದು 61 ವ್ಯಾಟ್ ಅಷ್ಟೇ. ವೋಲ್ಟೇಜ್ ಇಳಿಯುವ ಬಡಾವಣೆಯಲ್ಲಿದ್ದರೆ ಸ್ಟೆಬಿಲೈಸರ್ ಇಡಿ, ಇಲ್ಲವೇ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೀಟರ್ ಕೊಳ್ಳಿ.

ಹೀಟರನ್ನು ನೇರ ಸಾಕೆಟ್ಟಿಗೆ ಹಾಕದೆ ಎಸ್‌ಟಿಸಿ-1000 ಮಾದರಿಯ ತಾಪಮಾನ ಕಂಟ್ರೋಲರ್ ಮೂಲಕ ಕೊಟ್ಟಿದ್ದೇನೆ. ಇದರಲ್ಲಿ ಎರಡು ರಿಲೇ, ಅಂದರೆ ತಾನಾಗಿ ಆನ್-ಆಫ್ ಆಗುವ ಸ್ವಿಚ್ಚು: ಒಂದು ಬಿಸಿಗೆ, ಒಂದು ತಂಪಿಗೆ. ಒಂದೇ ಪೆಟ್ಟಿಗೆ ಚಳಿಗಾಲದಲ್ಲಿ ಹೀಟರ್ ಹಾಕುತ್ತದೆ, ಬೇಸಿಗೆಯಲ್ಲಿ ಫ್ಯಾನ್. ಕಂಟ್ರೋಲರನ್ನು 25.5ಕ್ಕೆ ಇಟ್ಟು, ಹೀಟರಿನ ಸ್ವಂತ ಥರ್ಮೋಸ್ಟಾಟನ್ನು 27ಕ್ಕೆ ತಿರುಗಿಸಿದ್ದೇನೆ. ಈ 27ರಿಂದ ಏನು ಪ್ರಯೋಜನ ಅಂದರೆ, ಕಂಟ್ರೋಲರಿನ ಪ್ರೋಬ್ (ತಾಪಮಾನ ಅಳೆಯುವ ತುದಿ) ಯಾವಾಗಲಾದರೂ ಜಾರಿ ನೀರಿನಿಂದ ಹೊರಗೆ ಬಿದ್ದರೆ, ಅದು ಕೋಣೆಯ ಚಳಿಗಾಳಿ ಅಳೆಯುತ್ತಾ ಹೀಟರನ್ನು ಆರಿಸುವುದೇ ಇಲ್ಲ. ಆಗ ತಡೆಯುವುದು ಹೀಟರಿನ ಒಳಗಿನ 27 ಮಾತ್ರ. ಪ್ರೋಬನ್ನು ಹೀಟರಿನ ಪಕ್ಕ ಇಡಬಾರದು. ನಾನು ಟ್ಯಾಂಕಿನ ಎದುರು ಮೂಲೆಯಲ್ಲಿ ಕ್ಲಿಪ್ ಹಾಕಿ ಕಟ್ಟಿದ್ದೇನೆ. ಕಟ್ಟುವ ಮೊದಲು ಲೋಟದಲ್ಲಿ ಪುಡಿ ಮಂಜುಗಡ್ಡೆ ತುಂಬಿ, ಸ್ವಲ್ಪ ನೀರು ಸೇರಿಸಿ, ಚೆನ್ನಾಗಿ ಕಲಕಿ ಅದರಲ್ಲಿ ಅದ್ದಿ ನೋಡಿದೆ. 0.6 ತೋರಿಸಿತು, ತೋರಿಸಬೇಕಾದದ್ದು ಸೊನ್ನೆ. ಅಷ್ಟನ್ನು ಸೆಟಿಂಗಿನಲ್ಲಿ ಕಳೆದೆ.

ಹೀಟರ್ ಇರುವುದು ಹಿಂದಿನ ಖಾನೆಯಲ್ಲಿ, ಪಂಪಿನ ಪಕ್ಕ, ಅಡ್ಡಲಾಗಿ, ತಳದಿಂದ ಎರಡು ಇಂಚು ಮೇಲೆ. ಇಂಥ ಟ್ಯಾಂಕಿನಲ್ಲಿ ಆವಿಯಾದ ನೀರಿನ ಇಳಿತವೆಲ್ಲ ಆ ಖಾನೆಯಲ್ಲೇ ಕಾಣಿಸುತ್ತದೆ, ಮುಂದೆ ಮಟ್ಟ ಹಾಗೇ ಇರುತ್ತದೆ. ಹೀಟರನ್ನು ನಿಲ್ಲಿಸಿ ಇಟ್ಟರೆ ತಲೆ ನೀರಿನಿಂದ ಹೊರಬಂದು, ಕಾದ ಗಾಜಿಗೆ ತಣ್ಣೀರು ತಾಗಿದ ಕೂಡಲೇ ಸೀಳುತ್ತದೆ. ಮಲಗಿಸಿದರೆ ಆ ಭಯ ಕಡಿಮೆ. ನೀರು ಬದಲಿಸುವ ದಿನ ಕಾಲು ಗಂಟೆ ಮೊದಲೇ ಪ್ಲಗ್ ಕೀಳಿ.

ಕರೆಂಟಿನ ವಿಷಯದಲ್ಲಿ ಉಳಿತಾಯ ಬೇಡವೇ ಬೇಡ. ಈ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಹಾಕಿಸಿ, ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೆ ಹೋಗಬೇಕು, ಹರಿದು ಬಂದ ಹನಿ ಆ ಬಾಗಿನಲ್ಲೇ ಕೆಳಕ್ಕೆ ಬೀಳಲಿ ಎಂದು. ಉಪ್ಪು ತೆವಳುತ್ತದೆ. ವೈರಿನ ಮೇಲೆ ಮೊದಲು ಬಿಳಿ ಗೆರೆ, ಆಮೇಲೆ ಒರಟು ಹರಳು, ನೋಡನೋಡುತ್ತ ನೀರಿನ ಮಟ್ಟದಿಂದ ಒಂದು ಗೇಣು ಮೇಲಕ್ಕೆ ಹತ್ತಿರುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಕು.

ನೀರಿಗೆ ಬರುತ್ತೇನೆ. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಪ್ರಮಾಣ, 900ರ ಮೇಲೆ. ನಗರದ ನಲ್ಲಿ ನೀರು ಎಷ್ಟೋ ವಾಸಿ, ಆದರೆ ಅದರಲ್ಲಿ ಕ್ಲೋರಿನ್. ಎರಡನ್ನೂ ನೇರ ಹಾಕುವಂತಿಲ್ಲ: ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಪಾಚಿಗೆ ಗೊಬ್ಬರ, ತಾಮ್ರದ ಅಂಶವಿದ್ದರೆ ಸೀಗಡಿ ಬಸವನಹುಳು ಬದುಕುವುದಿಲ್ಲ. ಮನೆಯ ಆರ್‌ಒ ನೀರನ್ನೇ ಬಳಸುತ್ತೇನೆ. ಕುಡಿಯುವ ನೀರಿನ ಆರ್‌ಒದಲ್ಲಿ ರುಚಿಗೆಂದು ಕಚ್ಚಾ ನೀರನ್ನು ಸ್ವಲ್ಪ ಬೆರೆಸುವ ಟಿಡಿಎಸ್ ತಿರುಪು ಇರುತ್ತದೆ. ಟ್ಯಾಂಕಿಗೆ ಹಿಡಿಯುವಾಗ ಅದನ್ನು ಪೂರ್ತಿ ಮುಚ್ಚುತ್ತೇನೆ. ಮುಂದೆ ಉಳಿದ ಲವಣವನ್ನೂ ಹಿಡಿದಿಡುವ ಒಂದು ಡಿಐ ರೆಸಿನ್ ಕೊಳವೆ. ಮೀಟರ್ ಸೊನ್ನೆ ತೋರಿಸಿದರೆ ಮಾತ್ರ ಕ್ಯಾನಿಗೆ.

ಎಲ್ಲರೂ ಕೇಳುವ ಪ್ರಶ್ನೆ ಉಪ್ಪಿನದು. ಮನೆಯಲ್ಲಿ ಅಪ್ಪನೂ ಕೇಳಿದರು: ‘ಸಾಣಿಕಟ್ಟೆ ಉಪ್ಪು ಸಮುದ್ರದ್ದೇ ಅಲ್ಲವೇನೋ, ಅದನ್ನೇ ಕರಗಿಸಿದರೆ ಸಮುದ್ರದ ನೀರು ಆಗಬೇಕಲ್ಲ?’ ಒಳ್ಳೆಯ ಪ್ರಶ್ನೆ, ಉತ್ತರ ಗದ್ದೆಯಲ್ಲೇ ಇದೆ. ಉಪ್ಪಿನ ಗದ್ದೆಯಲ್ಲಿ ಸಮುದ್ರದ ನೀರು ಆವಿಯಾಗುತ್ತಾ ಹೋದಂತೆ ಮೊದಲು ಸುಣ್ಣದ ಅಂಶ ತಳಕ್ಕೆ ಕೂರುತ್ತದೆ, ಆಮೇಲೆ ಜಿಪ್ಸಮ್, ಅದಾದ ಮೇಲೆ ನಾವು ತಿನ್ನುವ ಉಪ್ಪು. ಮೆಗ್ನೀಸಿಯಂ, ಪೊಟ್ಯಾಸಿಯಂ ಬಹುಪಾಲು ಉಳಿದ ಕಹಿನೀರಿನಲ್ಲೇ ಹೋಗುತ್ತವೆ. ಅಂದರೆ ಗದ್ದೆಯಿಂದ ಎತ್ತಿದ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡೇ ಹೆಚ್ಚುಕಮ್ಮಿ ಪೂರ್ತಿ. ನಿಜವಾದ ಸಮುದ್ರದ ನೀರಿನ ಲವಣಗಳಲ್ಲಿ ಅದರ ಪಾಲು ಶೇ. 85 ಆಸುಪಾಸು, ಲೀಟರಿಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 410 ಮಿಲಿಗ್ರಾಂ ಕ್ಯಾಲ್ಸಿಯಂ, ಜೊತೆಗೆ ಪಿಎಚ್ ಹಿಡಿದಿಡುವ ಬೈಕಾರ್ಬೊನೇಟ್ ಇರುತ್ತದೆ. ಇವೆಲ್ಲ ಅಳತೆಯಂತೆ ಇರುವುದು ಅಕ್ವೇರಿಯಂಗೆಂದೇ ಮಾಡಿದ ಮಿಶ್ರಣದಲ್ಲಿ. ಗೋಕರ್ಣದಿಂದ ಕ್ಯಾನಿನಲ್ಲಿ ನೀರು ತರುವುದನ್ನೂ ಯೋಚಿಸಿದ್ದೆ, ಆದರೆ ಮಳೆಗಾಲದಲ್ಲಿ ನದಿಗಳು ಬಂದು ಸೇರುವ ದಡದ ನೀರಿನ ಉಪ್ಪು ಇಳಿಯುತ್ತದೆ, ಪ್ರತಿ ಸಲ ಒಂದೇ ಥರ ಇರದು.

ಮಿಶ್ರಣ ಲೀಟರಿಗೆ 36 ಗ್ರಾಂ ಲೆಕ್ಕದಲ್ಲಿ ಆರು ಕೆಜಿಗೆ ಸ್ವಲ್ಪ ಕಮ್ಮಿ ಹಿಡಿಯಿತು. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಸುರಿದರೆ ಆ ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ಸುಣ್ಣವಾಗಿ ಕೂತು ಮತ್ತೆ ಕರಗುವುದಿಲ್ಲ. ಪಂಪ್, ಹೀಟರ್ ಹಾಕಿ 25 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುಗಲು ಬಿಟ್ಟೆ. ಮಜ್ಜಿಗೆಯ ಹಾಗಿದ್ದದ್ದು ಬೆಳಿಗ್ಗೆಗೆ ತಿಳಿಯಾಗಿ, ಹಿಂದಿನ ಗಾಜಿಗೆ ಅಂಟಿಸಿದ ಅಳತೆಪಟ್ಟಿಯ ಅಂಕಿ ಓದುವಂತಾಗಿತ್ತು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 35 ಬಂತು, ಅಂದರೆ ಸಾವಿರ ಪಾಲಿಗೆ 35 ಪಾಲು ಉಪ್ಪು. ಮೀಟರನ್ನು 35ರ ಪ್ರಮಾಣದ್ರಾವಣದಿಂದ ಸರಿಮಾಡಿಕೊಂಡೇ ಅಳೆಯಿರಿ.

ಕಲ್ಲಿನ ಬಗ್ಗೆ ಒಂದು ಮಾತು ಖಡಾಖಂಡಿತ. ನಮ್ಮ ದೇಶದ ಹವಳಗಳು, ಸಮುದ್ರಕುದುರೆ, ಸಮುದ್ರಸೌತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಯಾರಾದರೂ ದಡದಿಂದ ತಂದ ‘ಲೈವ್ ರಾಕ್’ (ಸಮುದ್ರದ ಜೀವಿಗಳು ನೆಲೆಸಿರುವ ಕಲ್ಲು) ಎಂದು ಮಾರಲು ಬಂದರೆ ಮುಟ್ಟಬೇಡಿ. ನಾನು ಹಾಕಿದ್ದು ರಂಧ್ರಗಳಿರುವ ಒಣ ಸೆರಾಮಿಕ್ ಕಲ್ಲು. ಒಣ ಕಲ್ಲಿನಲ್ಲಿ ಜೀವ ಇರುವುದಿಲ್ಲ, ಬ್ಯಾಕ್ಟೀರಿಯಾ ನಾವೇ ಬೆಳೆಸಬೇಕು. ಬಾಟಲಿಯ ಬ್ಯಾಕ್ಟೀರಿಯಾ, ಅಳೆದು ಹಾಕಿದ ಅಮೋನಿಯ, ಒಂದಿಷ್ಟು ವಾರಗಳ ತಾಳ್ಮೆ. ಅಮೋನಿಯ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗಬೇಕು. ಮೊದಲಿನ ಎರಡೂ ಸೊನ್ನೆಗೆ ಬಂದು ನಿಲ್ಲುವವರೆಗೆ ಮೀನಿಲ್ಲ. ಇಲ್ಲಿಯೂ ಹೀಟರ್ ಕೆಲಸಕ್ಕೆ ಬಂತು, ತಣ್ಣನೆಯ ನೀರಿನಲ್ಲಿ ಈ ಬ್ಯಾಕ್ಟೀರಿಯಾ ತುಂಬ ನಿಧಾನ. ನಾನು ಚಳಿಗಾಲದಲ್ಲೇ ಶುರುಮಾಡಿದ್ದರಿಂದ ಹಿಂದೆ ಮತ್ತು ಎರಡು ಪಕ್ಕ ಥರ್ಮಾಕೋಲ್ ಹಾಳೆ ಅಂಟಿಸಿದೆ. ಅದಾದ ಮೇಲೆ ಹೀಟರಿನ ಕೆಂಪು ದೀಪ ಉರಿಯುವ ಹೊತ್ತು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಜನವರಿಯ ಹೀಟರ್ ಖರ್ಚು ದಿನಕ್ಕೆ ಒಂದೂವರೆ ಯೂನಿಟ್ ಒಳಗೇ.

ಮಾರ್ಚ್ ಬಂದರೆ ಲೆಕ್ಕ ತಿರುವುಮುರುವು. ಥರ್ಮಾಕೋಲ್ ತೆಗೆದು, ಮೇಲಿನ ಗಾಜಿನ ಮುಚ್ಚಳಕ್ಕೆ ಬದಲು ಬಲೆ ಹಾಕಿ, ನೀರಿನ ಮೇಲೆ ಓರೆಯಾಗಿ ಬೀಸುವಂತೆ ಎರಡು ಚಿಕ್ಕ 12 ವೋಲ್ಟ್ ಫ್ಯಾನ್ ಕೂರಿಸುತ್ತೇನೆ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,400 ಕಿಲೋಜೂಲ್ ಬಿಸಿ ಕೊಂಡೊಯ್ಯುತ್ತದೆ. ನನ್ನ ಟ್ಯಾಂಕಿಗೆ ಅದು ಮೂರೂವರೆ ಡಿಗ್ರಿಗೂ ಹೆಚ್ಚು. ಮಂಗಳೂರಿನ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟು ಫಲಿಸದು, ನಮ್ಮ ಏಪ್ರಿಲ್‌ನ ಒಣಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಕೋಣೆ 34 ಇರುವಾಗ ನೀರು 28 ದಾಟದಂತೆ ಹಿಡಿದಿದ್ದೇನೆ, ನೀರು ತಂಪುಮಾಡುವ ಚಿಲ್ಲರ್ ಯಂತ್ರ ಕೊಂಡಿಲ್ಲ.

ಇದಕ್ಕೆ ತೆರುವ ಬೆಲೆ ದಿನಕ್ಕೆ ಮೂರು ನಾಲ್ಕು ಲೀಟರ್ ನೀರು. ಹೋಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಒಂದು ದಿನ ತುಂಬಿಸದಿದ್ದರೆ 35 ಇದ್ದದ್ದು 36ರ ಹತ್ತಿರ, ಊರಿಗೆ ಹೋಗಿ ಮೂರು ದಿನ ಬಿಟ್ಟು ಬಂದರೆ 38ರ ಹತ್ತಿರ. ತುಂಬಿಸಬೇಕಾದದ್ದು ಬರೀ ಆರ್‌ಒ ನೀರು. ಮಟ್ಟ ಇಳಿದಾಗ ತಾನೇ ನೀರು ತುಂಬುವ, ಫ್ಲೋಟ್ ಸ್ವಿಚ್ ಇರುವ ಆಟೊ ಟಾಪ್-ಆಫ್ ಪಂಪು ಹಾಕಿದ್ದೇನೆ. ನಮ್ಮ ಊರಿನಲ್ಲಿ ಇದು ಹೀಟರಿನಷ್ಟೇ ಅಗತ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೇಸಿಗೆಯಲ್ಲಿ ಕರೆಂಟ್ ಹೋದಾಗ ಮೊದಲು ಕಾಡುವುದು ಬಿಸಿಯಲ್ಲ, ಆಮ್ಲಜನಕ. ಸಿಹಿನೀರಿಗಿಂತ ಉಪ್ಪುನೀರು ಕಡಿಮೆ ಆಮ್ಲಜನಕ ಹಿಡಿಯುತ್ತದೆ, ಕಾದಂತೆ ಇನ್ನೂ ಕಡಿಮೆ. ಆದ್ದರಿಂದ ಇನ್ವರ್ಟರಿಗೆ ಅಲೆ ಪಂಪು ಮತ್ತು ಫ್ಯಾನ್ ಮಾತ್ರ ಕೊಟ್ಟಿದ್ದೇನೆ, ಎರಡೂ ಸೇರಿ 20 ವ್ಯಾಟ್ ಒಳಗೆ. ಹೀಟರ್ ಇನ್ವರ್ಟರಿಗೆ ಕೊಡಬೇಡಿ, ಬ್ಯಾಟರಿ ಬೇಗ ಬರಿದಾಗುತ್ತದೆ. ಚಳಿಯಲ್ಲಿ ಕರೆಂಟ್ ಹೋದರೆ ಟ್ಯಾಂಕಿಗೆ ಕಂಬಳಿ ಹೊದಿಸಿದರೆ ಸಾಕು, 160 ಲೀಟರ್ ನೀರು ಎರಡು ಮೂರು ಗಂಟೆಯಲ್ಲಿ ಗಾಬರಿಯಾಗುವಷ್ಟು ಆರುವುದಿಲ್ಲ.

ಮೊದಲ ಮೀನು ಒಂದು ಜೋಡಿ ಕ್ಲೌನ್. ಕಡಲಿನಿಂದ ಹಿಡಿದವಲ್ಲ, ಹ್ಯಾಚರಿಯಲ್ಲಿ ಹುಟ್ಟಿದವು. ಇದನ್ನು ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ, ಆದ್ದರಿಂದ ಸಾಕಿದ ಮರಿ ಕೇಳಿ ಪಡೆಯುವುದು ಕಷ್ಟವಲ್ಲ. ಕ್ಲೌನ್ ಮರಿಗಳು ಹುಟ್ಟುವಾಗ ಯಾವುದೂ ಹೆಣ್ಣಲ್ಲ. ಜೋಡಿಯಲ್ಲಿ ದೊಡ್ಡದು ಮುಂದೆ ಹೆಣ್ಣಾಗುತ್ತದೆ. ಹಾಗಾಗಿ ಒಂದು ದೊಡ್ಡದು, ಒಂದು ಚಿಕ್ಕದು ಕೇಳಿದೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಚೀಲದ ನೀರು 22 ಡಿಗ್ರಿ ಇತ್ತು. ಚೀಲವನ್ನು ಬಿಚ್ಚದೆ ಅರ್ಧ ಗಂಟೆ ತೇಲಿಬಿಟ್ಟು, ಆಮೇಲೆ ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಸಣ್ಣ ಕೊಳವೆಯಿಂದ ಟ್ಯಾಂಕಿನ ನೀರು ಹನಿಹನಿಯಾಗಿ ಬೀಳಿಸಿ ಉಪ್ಪು ಹೊಂದಿಸಿದೆ. ಚೀಲದ ನೀರು ಟ್ಯಾಂಕಿಗೆ ಸೇರಿಸಲಿಲ್ಲ. ಅದೇ ಸಂಜೆ ದೊಡ್ಡದು ಕಾಳು ತಿಂದಿತು, ಚಿಕ್ಕದು ಮರುದಿನ. ಮೂರನೆಯ ಮೀನು ಫೈರ್‌ಫಿಶ್ ಎಂದುಕೊಂಡಿದ್ದೇನೆ. ಗಾಬರಿಯಾದರೆ ಹೊರಗೆ ಜಿಗಿಯುವ ಜಾತಿ ಅದು, ಹಾಗಾಗಿ ಫ್ಯಾನ್ ಕೂರಿಸಿದ ಬಲೆಯಲ್ಲಿ ಎಲ್ಲೂ ಸಂದಿ ಇಲ್ಲದಂತೆ ಹೊಲಿದು ಮುಗಿಸಿದ ಮೇಲೆಯೇ ತರುವುದು.